ಬಿಸಿಲು ಹಾಗೂ ಒಣಹವೆಯ ಜಿಲ್ಲೆಗಳಲ್ಲಿ ಸೊಳ್ಳೆ ಜಾಲರಿ ಬಾಗಿಲುಗಳ ದುರಸ್ತಿ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರ, ಬಳ್ಳಾರಿ, ಕೊಪ್ಪಳ ಮುಂತಾದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯವಾಗಿರುತ್ತದೆ. ರಾತ್ರಿಯ ವೇಳೆಯಲ್ಲಿಯೂ ಗೋಡೆ ಮತ್ತು ಛಾವಣಿಗಳು ಹಗಲಿನ ಕಾವನ್ನು ಹೊರಬಿಡುವುದರಿಂದ ಮನೆಯ ಬಾಗಿಲು, ಕಿಟಕಿಗಳನ್ನು ಮುಚ್ಚಿ ಮಲಗುವುದು ಸಾಧ್ಯವಾಗುವುದಿಲ್ಲ. ಇಂತಹ ಮನೆಗಳಲ್ಲಿ ಗಾಳಿಗೆ ದಾರಿ ನೀಡಿ ಸೊಳ್ಳೆಯನ್ನು ತಡೆಯುವ ಸಾಧನವೆಂದರೆ ಜಾಲರಿ ಬಾಗಿಲು.

ಆದರೆ ಸೊಳ್ಳೆಯಿಂದ ರಕ್ಷಿಸಬೇಕಾದ ಈ ಬಾಗಿಲು, ಅದೇ ಬಿಸಿಲು ಹಾಗೂ ಧೂಳಿನಿಂದ ಇತರ ಪ್ರದೇಶಗಳಿಗಿಂತ ಬೇಗ ಹಾಳಾಗುತ್ತದೆ. ಬಹಳಷ್ಟು ಮನೆಗಳಲ್ಲಿ ಜಾಲರಿ ಬಾಗಿಲು ಇದ್ದರೂ ಅದರ ಒಂದು ಮೂಲೆ ಕಿತ್ತು ಬಂದಿರುತ್ತದೆ ಅಥವಾ ಹೊಸ್ತಿಲಿನ ಬಳಿ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತದೆ. ಅಂತಹ ಬಾಗಿಲು ನೋಡಲು ಮುಚ್ಚಿದಂತಿದ್ದರೂ ಸೊಳ್ಳೆಯ ಮಟ್ಟಿಗೆ ತೆರೆದ ಬಾಗಿಲೇ ಆಗಿರುತ್ತದೆ. ಹೊಸ ಬಾಗಿಲು ಮಾಡಿಸದೆ, ಇರುವ ಬಾಗಿಲನ್ನೇ ಕಡಿಮೆ ವೆಚ್ಚದಲ್ಲಿ ಸರಿಪಡಿಸಿಕೊಳ್ಳುವ ವಿಧಾನವನ್ನು ಸಾರ್ವಜನಿಕರಿಗೆ ತಿಳಿಸುವುದು ಈ ಪುಟದ ಉದ್ದೇಶವಾಗಿರುತ್ತದೆ.

2. ದುರಸ್ತಿಯ ಅಗತ್ಯ

2006 ರಲ್ಲಿ ಚಿಕೂನ್‌ಗುನ್ಯಾ ರೋಗವು ರಾಜ್ಯದಲ್ಲಿ ವ್ಯಾಪಕವಾಗಿ ಹರಡಿತ್ತು. 2024 ರಲ್ಲಿ ರಾಜ್ಯ ಸರ್ಕಾರವು ಡೆಂಗಿ ಜ್ವರವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವವರಿಗೆ ದಂಡ ವಿಧಿಸಲು ನಿಯಮಗಳಲ್ಲಿ ಅವಕಾಶ ಕಲ್ಪಿಸಿತು. ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ ಜಿಲ್ಲೆಗಳು ಆನೆಕಾಲು ರೋಗದ ಹಿನ್ನೆಲೆಯುಳ್ಳ ಜಿಲ್ಲೆಗಳಾಗಿರುತ್ತವೆ.

ಮೇಲ್ಕಂಡ ರೋಗಗಳನ್ನು ಹರಡುವ ಸೊಳ್ಳೆಗಳು ಬೇರೆ ಬೇರೆ ಹೊತ್ತಿನಲ್ಲಿ ಕಚ್ಚುತ್ತವೆ.

(ಅ) ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿ, ವಿಶೇಷವಾಗಿ ಬೆಳಗಿನ ಹೊತ್ತು ಹಾಗೂ ಸೂರ್ಯಾಸ್ತಕ್ಕೆ ಮೊದಲು ಕಚ್ಚುತ್ತದೆ.
(ಆ) ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ.
(ಇ) ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಯು ರಾತ್ರಿ ವೇಳೆಯಲ್ಲಿ ಕಚ್ಚುತ್ತದೆ.

ಆದ್ದರಿಂದ ಜಾಲರಿ ಬಾಗಿಲನ್ನು ರಾತ್ರಿ ಮಾತ್ರ ಮುಚ್ಚಿದರೆ ಸಾಲದು. ಹಗಲಿನಲ್ಲಿಯೂ ಅದು ಮುಚ್ಚಿರಬೇಕು. ಮಧ್ಯಾಹ್ನ ತೊಟ್ಟಿಲಲ್ಲಿ ಮಲಗುವ ಮಗು ಹಾಗೂ ಹಗಲಿಡೀ ಮನೆಯಲ್ಲಿರುವ ವೃದ್ಧರು ಈಡಿಸ್ ಸೊಳ್ಳೆಯ ಕಡಿತಕ್ಕೆ ಹೆಚ್ಚಾಗಿ ಗುರಿಯಾಗುತ್ತಾರೆ.

ಮನೆಗೆ ಜಾಲರಿ ಹಾಕುವುದರಿಂದ ಮಲೇರಿಯಾ ತಡೆಯಬಹುದೆಂಬುದು ಹಳೆಯ ಅನುಭವ. 1900 ರಲ್ಲಿ ಲೂಯಿ ಸ್ಯಾಂಬನ್ ಮತ್ತು ಜಾರ್ಜ್ ಲೋ ಎಂಬ ವೈದ್ಯರು ಇಟಲಿಯ ರೋಮ್ ನಗರದ ಸಮೀಪದ ಮಲೇರಿಯಾ ಪೀಡಿತ ಬಯಲಿನಲ್ಲಿ ಜಾಲರಿ ಹಾಕಿದ ಗುಡಿಸಲಿನಲ್ಲಿ ಮಲೇರಿಯಾ ಕಾಲವಿಡೀ ವಾಸವಾಗಿದ್ದು, ಸೂರ್ಯಾಸ್ತಕ್ಕೆ ಮೊದಲೇ ಒಳಗೆ ಸೇರಿಕೊಳ್ಳುತ್ತಿದ್ದರು. ಅವರಿಗೆ ಮಲೇರಿಯಾ ತಗಲಲಿಲ್ಲ.

3. ಬಿಸಿಲು ಪ್ರದೇಶದಲ್ಲಿ ಜಾಲರಿ ಬಾಗಿಲು ಹಾಳಾಗಲು ಕಾರಣಗಳು

ಕರ್ನಾಟಕದಲ್ಲಿ ಮರುಭೂಮಿ ಇರುವುದಿಲ್ಲ. ಆದರೆ ಮರುಭೂಮಿಯಲ್ಲಿ ಜಾಲರಿ ಬಾಗಿಲನ್ನು ಕೆಡಿಸುವ ಬಿಸಿಲು, ಒಣಗಾಳಿ ಮತ್ತು ಧೂಳು, ಈ ಮೂರೂ ಬಯಲುಸೀಮೆಯ ಬೇಸಿಗೆಯಲ್ಲಿ ಕಂಡುಬರುತ್ತವೆ. 2016 ರ ಮೇ 19 ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾದ ರಾಜಸ್ಥಾನದ ಫಲೋಡಿಯಂತಹ ಥಾರ್ ಮರುಭೂಮಿಯ ಊರುಗಳಲ್ಲಿ ಇವುಗಳ ತೀವ್ರತೆ ಹೆಚ್ಚು. ದುರಸ್ತಿಯ ವಿಧಾನ ಮಾತ್ರ ಎರಡೂ ಕಡೆ ಒಂದೇ ಆಗಿರುತ್ತದೆ.

(ಅ) ಬಿಸಿಲು: ನೈಲಾನ್ ಮತ್ತು ಪ್ಲಾಸ್ಟಿಕ್ ಎಳೆಗಳು ಸೂರ್ಯನ ಅತಿನೇರಳೆ ಕಿರಣಗಳಿಂದ ಸೆಡೆತು, ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತವೆ. ಫೈಬರ್ ಜಾಲರಿಯ ಗಾಜಿನ ಎಳೆಗೆ ಬಿಸಿಲು ತಾಗುವುದಿಲ್ಲವಾದರೂ ಅದರ ಮೇಲಿನ ಪಿ.ವಿ.ಸಿ. ಲೇಪನವು ಕಾಲಕ್ರಮೇಣ ಗಟ್ಟಿಯಾಗಿ ಸುಲಿಯುತ್ತದೆ. ಜಾಲರಿಯನ್ನು ಹಿಡಿದಿಡುವ ರಬ್ಬರ್ ಬೀಡಿಂಗ್ ಕುಗ್ಗಿ, ಗಾಡಿಯಿಂದ ಹೊರಬರುತ್ತದೆ.

(ಆ) ಒಣಗಾಳಿ: ಮರವು ಬೇಸಿಗೆಯಲ್ಲಿ ಅಗಲದ ಕಡೆಗೆ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಇದರಿಂದ ಸ್ಕ್ರೂಗಳು ಸಡಿಲವಾಗಿ, ಬಾಗಿಲು ಜೋತು ಬೀಳುತ್ತದೆ. ಅಲ್ಯೂಮಿನಿಯಂ ಚೌಕಟ್ಟು ಕಾವಿಗೆ ಹಿಗ್ಗುತ್ತದೆ; 2.1 ಮೀಟರ್ ಎತ್ತರದ ಚೌಕಟ್ಟು 40 ಡಿಗ್ರಿಗಳ ವ್ಯತ್ಯಾಸಕ್ಕೆ ಸುಮಾರು 2 ಮಿಲಿಮೀಟರ್‌ನಷ್ಟು ಉದ್ದವಾಗುತ್ತದೆ.

(ಇ) ಧೂಳು: ಜಾಲರಿಯ ಕಣ್ಣುಗಳಲ್ಲಿ ಧೂಳು ಕಟ್ಟಿಕೊಂಡು ಗಾಳಿಯ ಸಂಚಾರ ಕಡಿಮೆಯಾಗುತ್ತದೆ. ಬಿಜಾಗ್ರಿಯೊಳಗೆ ಸೇರಿದ ಧೂಳು ಎಣ್ಣೆಯೊಂದಿಗೆ ಬೆರೆತು ಅದನ್ನು ಸವೆಸುತ್ತದೆ.

(ಈ) ಬಳಕೆ: ಮಕ್ಕಳು ಕೈಯಿಂದ ಜಾಲರಿಯನ್ನೇ ತಳ್ಳುವುದು, ಬೆಕ್ಕು ನಾಯಿಗಳು ಪರಚುವುದು, ಮುಂಗಾರು ಪೂರ್ವದ ಬಿರುಗಾಳಿಗೆ ಬಾಗಿಲು ಬಡಿದುಕೊಳ್ಳುವುದು. ಇವುಗಳಿಂದ ಸಾಮಾನ್ಯವಾಗಿ ಬಾಗಿಲಿನ ಕೆಳಭಾಗವೇ ಮೊದಲು ಹರಿಯುತ್ತದೆ.

4. ದುರಸ್ತಿಗೆ ಮೊದಲು ಪರಿಶೀಲನೆ

ಹಗಲು ಬೆಳಕಿನಲ್ಲಿ ಕಾಣದ ಸಂದುಗಳು ರಾತ್ರಿ ಸುಲಭವಾಗಿ ಕಾಣುತ್ತವೆ. ಕತ್ತಲಾದ ನಂತರ ಕೋಣೆಯೊಳಗೆ ದೀಪ ಹಚ್ಚಿ, ಜಾಲರಿ ಬಾಗಿಲನ್ನು ಮುಚ್ಚಿ, ಹೊರಗೆ ನಿಂತು ಬಾಗಿಲಿನ ನಾಲ್ಕೂ ಅಂಚುಗಳನ್ನು ನೋಡತಕ್ಕದ್ದು. ಬೆಳಕು ಗೆರೆಯಾಗಿ ಹೊರಬರುವ ಕಡೆಯಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳುವುದು. ಶಹಾಬಾದ್ ಕಲ್ಲಿನ ನೆಲ ಮತ್ತು ಹೊಸ್ತಿಲುಗಳಿರುವ ಮನೆಗಳಲ್ಲಿ ಕಲ್ಲು ಒಂದೆಡೆ ಸವೆದಿರುವುದರಿಂದ ಕೆಳಗಿನ ಸಂದು ಒಂದು ತುದಿಯಲ್ಲಿ ಕಿರಿದಾಗಿಯೂ ಇನ್ನೊಂದು ತುದಿಯಲ್ಲಿ ಅಗಲವಾಗಿಯೂ ಇರುವುದುಂಟು. ಎರಡೂ ತುದಿಗಳನ್ನು ಅಳೆಯುವುದು.

ನಂತರ ಜಾಲರಿಯ ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುವುದು. ಎಳೆ ಬಾಗಿ ಹಿಂದಿರುಗಿದರೆ ತೇಪೆ ಹಾಕಿದರೆ ಸಾಕು. ಎಳೆ ಮುರಿದರೆ ಅಥವಾ ಪುಡಿಯುದುರಿದರೆ ಪೂರ್ಣ ಜಾಲರಿಯನ್ನು ಬದಲಾಯಿಸಬೇಕು. ಅಂತಹ ಜಾಲರಿಗೆ ತೇಪೆ ಹಾಕಿದರೂ ಅದರ ಪಕ್ಕದಲ್ಲಿ ಮತ್ತೆ ಹರಿಯುತ್ತದೆ.

ದುರಸ್ತಿಯನ್ನು ಈ ಕೆಳಕಂಡ ಕ್ರಮದಲ್ಲಿ ಕೈಗೊಳ್ಳುವುದು ಸೂಕ್ತ: ಮೊದಲು ಬಿಜಾಗ್ರಿ ಮತ್ತು ಚೌಕಟ್ಟು, ಎರಡನೆಯದಾಗಿ ಜಾಲರಿ, ಕೊನೆಯಲ್ಲಿ ಅಂಚಿನ ಸಂದುಗಳು. ಜೋತುಬಿದ್ದ ಚೌಕಟ್ಟಿಗೆ ಹೊಸ ಜಾಲರಿ ಬಿಗಿದು, ಆಮೇಲೆ ಚೌಕಟ್ಟನ್ನು ಎತ್ತಿ ಕೂರಿಸಿದರೆ ಜಾಲರಿ ಸುಕ್ಕುಗಟ್ಟುತ್ತದೆ ಅಥವಾ ಮೂಲೆಯಲ್ಲಿ ಹರಿಯುತ್ತದೆ.

5. ಬಿಜಾಗ್ರಿ ಮತ್ತು ಚೌಕಟ್ಟಿನ ದುರಸ್ತಿ

(ಅ) ಬಾಗಿಲಿನ ಕೆಳಗೆ ಒಂದು ಸಣ್ಣ ಮರದ ತುಂಡನ್ನು ಕೊಟ್ಟು, ಭಾರವನ್ನು ಅದರ ಮೇಲೆ ನಿಲ್ಲಿಸಿ, ನಂತರವೇ ಸ್ಕ್ರೂಗಳನ್ನು ಬಿಚ್ಚತಕ್ಕದ್ದು. ಬಾಗಿಲು ಜೋತುಬಿದ್ದಿದ್ದರೆ ಸಾಮಾನ್ಯವಾಗಿ ಮೇಲಿನ ಬಿಜಾಗ್ರಿಯ ಸ್ಕ್ರೂಗಳೇ ಸಡಿಲವಾಗಿರುತ್ತವೆ.

(ಆ) ಸ್ಕ್ರೂವಿನ ತೂತು ದೊಡ್ಡದಾಗಿದ್ದರೆ, ಮರದ ಅಂಟು ಸವರಿದ ಸಣ್ಣ ಮರದ ಸೀಳುಗಳನ್ನು ತೂತಿನಲ್ಲಿ ಬಿಗಿಯಾಗಿ ತುಂಬಿ, ಒಂದು ದಿನ ಒಣಗಲು ಬಿಟ್ಟು, ಅದೇ ಸ್ಥಳದಲ್ಲಿ ಸ್ಕ್ರೂ ಹಾಕಬಹುದು. ಮೊದಲಿಗಿಂತ ಉದ್ದವಾದ ಸ್ಕ್ರೂ ಬಳಸುವುದು ಇನ್ನೊಂದು ವಿಧಾನ.

(ಇ) ಚೌಕಟ್ಟು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಎರಡೂ ಕರ್ಣಗಳನ್ನು ಅಳೆಯುವುದು. ಎರಡೂ ಸಮವಾಗಿದ್ದರೆ ಚೌಕಟ್ಟು ಮಟ್ಟವಾಗಿದೆ. ವ್ಯತ್ಯಾಸವಿದ್ದಲ್ಲಿ ಚೌಕಟ್ಟನ್ನು ಸರಿಪಡಿಸಿ, ನಾಲ್ಕೂ ಮೂಲೆಗಳಿಗೆ ಲೋಹದ ಎಲ್ ಆಕಾರದ ಪಟ್ಟಿ ಹಾಕಿಸುವುದು. ಮರದ ಓರೆಪಟ್ಟಿ ಕೊಡುವುದಾದರೆ ಅದು ಕೆಳಗಿನ ಬಿಜಾಗ್ರಿಯ ಮೂಲೆಯಿಂದ ಮೇಲಿನ ಚಿಲಕದ ಕಡೆಯ ಮೂಲೆಗೆ ಹೋಗಬೇಕು. ಇದಕ್ಕೆ ವಿರುದ್ಧವಾಗಿ ಹಾಕಿದ ಮರದ ಪಟ್ಟಿಯು ಬಾಗಿಲಿನ ಭಾರವನ್ನು ಹೊರುವುದಿಲ್ಲ.

(ಈ) ಬಿಜಾಗ್ರಿಗೆ ಎಣ್ಣೆ ಹಾಕುವ ಮೊದಲು ಧೂಳನ್ನು ಒಣಬಟ್ಟೆಯಿಂದ ಒರೆಸತಕ್ಕದ್ದು. ಒಂದೆರಡು ಹನಿ ಸಾಕು. ಉಳಿದ ಎಣ್ಣೆಯನ್ನು ಒರೆಸಿ ತೆಗೆಯುವುದು.

(ಉ) ಜಾಲರಿ ಬಾಗಿಲು ಹೊರಕ್ಕೆ ತೆರೆಯುವಂತಿರುವುದು ಹಾಗೂ ತಾನಾಗಿ ಮುಚ್ಚಿಕೊಳ್ಳಲು ಸ್ಪ್ರಿಂಗ್ ಇರುವುದು ಒಳ್ಳೆಯದು. ಹೊರಕ್ಕೆ ತೆರೆದಾಗ ಜಾಲರಿಯ ಮೇಲೆ ಕುಳಿತ ಸೊಳ್ಳೆಗಳು ಒಳಗೆ ಬರುವುದು ಕಡಿಮೆ. ಬಿರುಗಾಳಿಗೆ ಬಡಿಯದಂತೆ ಒಳಗಡೆ ಕೊಂಡಿಯನ್ನು ಅಳವಡಿಸುವುದು.

6. ಸಣ್ಣ ಹರಕುಗಳಿಗೆ ತೇಪೆ

ಫೈಬರ್ ಅಥವಾ ನೈಲಾನ್ ಜಾಲರಿ: ಹರಕಿನ ಅಂಚಿಗಿಂತ ನಾಲ್ಕೂ ಕಡೆ 25 ಮಿ.ಮೀ. ದೊಡ್ಡದಾದ, ಅದೇ ಬಗೆಯ ಜಾಲರಿಯ ತುಂಡನ್ನು ಕತ್ತರಿಸಿ, ಎಳೆಗಳು ಒಂದರ ಮೇಲೊಂದು ಹೊಂದುವಂತೆ ಇಟ್ಟು, ನೈಲಾನ್ ದಾರದಿಂದ ಸುತ್ತಲೂ ಒತ್ತಾಗಿ ಹೊಲಿಯುವುದು. ಅಂಟುಪಟ್ಟಿ ತಾತ್ಕಾಲಿಕ ಉಪಾಯ ಮಾತ್ರ. ಬೇಸಿಗೆಯ ಕಾವಿಗೆ ಅದರ ಅಂಟು ಕರಗಿ, ಧೂಳು ಹಿಡಿದು, ಕೆಲವೇ ವಾರಗಳಲ್ಲಿ ಬಿಟ್ಟುಕೊಳ್ಳುತ್ತದೆ.

ತಂತಿ ಜಾಲರಿ: ಹರಕಿಗಿಂತ ನಾಲ್ಕೂ ಕಡೆ 20 ರಿಂದ 25 ಮಿ.ಮೀ. ದೊಡ್ಡದಾದ ತುಂಡನ್ನು ಕತ್ತರಿಸಿ, ಅದರ ಪ್ರತಿ ಅಂಚಿನಿಂದ ಎರಡು ಮೂರು ಎಳೆಗಳನ್ನು ಬಿಚ್ಚಿ ತೆಗೆಯುವುದು. ಉಳಿದ ತಂತಿಯ ತುದಿಗಳನ್ನು ನೇರಕೋನಕ್ಕೆ ಬಗ್ಗಿಸಿ, ಹಳೆಯ ಜಾಲರಿಯ ಕಣ್ಣುಗಳಲ್ಲಿ ತೂರಿಸಿ, ಹಿಂಬದಿಯಲ್ಲಿ ಮಡಿಸಿ ಒತ್ತುವುದು. ಹೊಲಿಗೆಯಾಗಲಿ ಅಂಟಾಗಲಿ ಬೇಕಾಗುವುದಿಲ್ಲ.

ಎಳೆಗಳು ತುಂಡಾಗದೆ ಪಕ್ಕಕ್ಕೆ ಸರಿದು ಮಾತ್ರ ಕಣ್ಣು ದೊಡ್ಡದಾಗಿದ್ದರೆ, ಸೂಜಿಯ ತುದಿಯಿಂದ ಎಳೆಗಳನ್ನು ಮೊದಲಿನ ಸ್ಥಾನಕ್ಕೆ ಸರಿಸಿದರೆ ಸಾಕಾಗುತ್ತದೆ.

7. ಹೊಸ ಜಾಲರಿಯ ಆಯ್ಕೆ

ಸರ್ಕಾರಿ ಕಟ್ಟಡಗಳ ಕಾಮಗಾರಿಗಳಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯು 1.4 ಮಿ.ಮೀ. ಕಣ್ಣಿನ ಅಗಲ ಹಾಗೂ 0.63 ಮಿ.ಮೀ. ದಪ್ಪದ ತಂತಿಯುಳ್ಳ ಸತುವು ಲೇಪಿತ ಜಾಲರಿಯನ್ನೂ, 1.4 ಮಿ.ಮೀ. ಕಣ್ಣು ಹಾಗೂ 0.5 ಮಿ.ಮೀ. ತಂತಿಯುಳ್ಳ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯನ್ನೂ ನಮೂದಿಸುತ್ತದೆ. ಎರಡರ ಕಣ್ಣಿನ ಅಗಲ ಒಂದೇ ಆಗಿದ್ದರೂ ಗಾಳಿಗೆ ದೊರೆಯುವ ದಾರಿ ಒಂದೇ ಅಲ್ಲ. ಲೆಕ್ಕ ಹಾಕಿದಲ್ಲಿ ಮೊದಲನೆಯದರಲ್ಲಿ ಒಟ್ಟು ವಿಸ್ತೀರ್ಣದ ಸುಮಾರು ಶೇ. 48 ಮತ್ತು ಎರಡನೆಯದರಲ್ಲಿ ಸುಮಾರು ಶೇ. 54 ಭಾಗ ತೆರೆದಿರುತ್ತದೆ. ಒಂದು ಅಂಗುಲಕ್ಕೆ ಒಂದು ದಿಕ್ಕಿನಲ್ಲಿ 18, ಇನ್ನೊಂದು ದಿಕ್ಕಿನಲ್ಲಿ 16 ಎಳೆಗಳುಳ್ಳ, 0.28 ಮಿ.ಮೀ. ಎಳೆಯ ಫೈಬರ್ ಜಾಲರಿಯಲ್ಲಿ ಸುಮಾರು ಮೂರನೇ ಎರಡು ಭಾಗ ತೆರೆದಿರುತ್ತದೆ.

ಬಿಸಿಲು ಪ್ರದೇಶದಲ್ಲಿ ಈ ಲೆಕ್ಕಕ್ಕೆ ವಿಶೇಷ ಮಹತ್ವವಿದೆ. ಅತಿ ಸಣ್ಣ ಕಣ್ಣಿನ ಜಾಲರಿ ಹೆಚ್ಚು ಸುರಕ್ಷಿತವೆಂದು ಭಾವಿಸಿ ಹಾಕಿಸಿದರೆ, ಗಾಳಿಯಾಡದೆ ಸೆಕೆ ಹೆಚ್ಚಾಗಿ ಮನೆಯವರು ಬಾಗಿಲನ್ನೇ ತೆರೆದಿಡುತ್ತಾರೆ. ಜಾಲರಿ ಹಾಕಿಸಿದ ಉದ್ದೇಶವೇ ವಿಫಲವಾಗುತ್ತದೆ. ಸೊಳ್ಳೆ ತಡೆಯಲು 1.2 ರಿಂದ 1.5 ಮಿ.ಮೀ. ಕಣ್ಣು ಸಾಕು.

ಆಯ್ಕೆಯ ವೇಳೆ ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

(ಅ) ಪಶ್ಚಿಮಕ್ಕೆ ಮುಖ ಮಾಡಿದ, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಬಾಗಿಲಿಗೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಬಾಳಿಕೆ ಬರುತ್ತದೆ.
(ಆ) ನೆರಳಿನಲ್ಲಿರುವ ಬಾಗಿಲು, ಪಡಸಾಲೆಯ ಒಳಬಾಗಿಲುಗಳಿಗೆ ಫೈಬರ್ ಜಾಲರಿ ಸಾಕಾಗುತ್ತದೆ. ಇದರ ಬೆಲೆ ಕಡಿಮೆ ಹಾಗೂ ಮನೆಯವರೇ ಅಳವಡಿಸಿಕೊಳ್ಳಬಹುದು.
(ಇ) ಸತುವು ಲೇಪಿತ ಜಾಲರಿಯನ್ನು ಕತ್ತರಿಸಿದ ತುದಿಗಳಿಂದ ತುಕ್ಕು ಆರಂಭವಾಗುತ್ತದೆ. ಅಂಚನ್ನು ಪಟ್ಟಿಯ ಒಳಗೆ ಪೂರ್ಣವಾಗಿ ಸೇರಿಸುವುದು.
(ಈ) ಮಕ್ಕಳು ಮತ್ತು ಸಾಕುಪ್ರಾಣಿಗಳಿರುವ ಮನೆಗಳಲ್ಲಿ ಬಾಗಿಲಿನ ಕೆಳಗಿನ ಸುಮಾರು 60 ಸೆಂ.ಮೀ. ಭಾಗಕ್ಕೆ ಒಳಗಡೆಯಿಂದ ಗ್ರಿಲ್ ಕೊಡುವುದು ಹಾಗೂ ಕೈಯಿಟ್ಟು ತಳ್ಳಲು ನಡುವೆ ಒಂದು ಅಡ್ಡಪಟ್ಟಿ ಹಾಕುವುದು. ಪೂರ್ಣ ತಗಡು ಹೊಡೆಸಿದರೆ ಕೆಳಗಿನ ಗಾಳಿ ನಿಂತುಹೋಗುತ್ತದೆ. ನೆಲದ ಮೇಲೆ ಮಲಗುವವರಿಗೆ ಇದರಿಂದ ತೊಂದರೆಯಾಗುತ್ತದೆ.

8. ಅಳತೆ ಮತ್ತು ಖರೀದಿ

ಅಂಗಡಿಗೆ ಹೋಗುವ ಮೊದಲು ಜಾಲರಿ ಕೂರುವ ಭಾಗದ ಅಗಲ ಮತ್ತು ಎತ್ತರವನ್ನು ಮೂರು ಕಡೆ ಅಳೆದು, ದೊಡ್ಡ ಅಳತೆಯನ್ನು ಬರೆದುಕೊಳ್ಳುವುದು. ಪ್ರತಿ ಅಂಚಿಗೆ 50 ಮಿ.ಮೀ. ಹೆಚ್ಚು ಸೇರಿಸುವುದು. ಉದಾಹರಣೆಗೆ, ಜಾಲರಿ ಭಾಗವು 750 ಮಿ.ಮೀ. ಅಗಲ ಮತ್ತು 1900 ಮಿ.ಮೀ. ಎತ್ತರವಿದ್ದರೆ 850 ಮಿ.ಮೀ. ಅಗಲ, 2000 ಮಿ.ಮೀ. ಉದ್ದದ ತುಂಡು ಬೇಕಾಗುತ್ತದೆ. 3 ಅಡಿ ಅಗಲದ ಸುರುಳಿಯು 914 ಮಿ.ಮೀ. ಇರುವುದರಿಂದ ಅದು ಸಾಕಾಗುತ್ತದೆ. 4 ಅಡಿಯ ಸುರುಳಿಯನ್ನು ಖರೀದಿಸಿದರೆ ಉಳಿದದ್ದು ವ್ಯರ್ಥ. ಅಂಗಡಿಯವರು ಚದರ ಅಡಿಯ ಲೆಕ್ಕದಲ್ಲಿ ದರ ಹೇಳುತ್ತಾರೆಯೇ ಅಥವಾ ಉದ್ದದ ಅಡಿಯ ಲೆಕ್ಕದಲ್ಲಿಯೇ ಎಂಬುದನ್ನು ಕತ್ತರಿಸುವ ಮೊದಲೇ ಕೇಳಿ ತಿಳಿಯುವುದು ಮತ್ತು ರಸೀದಿ ಪಡೆಯುವುದು.

ಬೀಡಿಂಗ್ ಖರೀದಿಸುವಾಗ ಹಳೆಯ ಬೀಡಿಂಗಿನ ಒಂದು ತುಂಡನ್ನು ಜೊತೆಗೆ ಒಯ್ಯತಕ್ಕದ್ದು. ದಪ್ಪದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೂ ಅದು ಗಾಡಿಯಲ್ಲಿ ಕೂರುವುದಿಲ್ಲ ಅಥವಾ ನಿಲ್ಲುವುದಿಲ್ಲ.

9. ಜಾಲರಿ ಅಳವಡಿಸುವ ವಿಧಾನ

ಅಲ್ಯೂಮಿನಿಯಂ ಚೌಕಟ್ಟು:
(1) ಬಾಗಿಲನ್ನು ಬಿಚ್ಚಿ, ಸಮತಟ್ಟಾದ ನೆಲದ ಮೇಲೆ ನೆರಳಿನಲ್ಲಿ ಮಲಗಿಸುವುದು. ಬೆಳಗಿನ ತಂಪು ಹೊತ್ತು ಸೂಕ್ತ. ಬಿಸಿಲಿನಲ್ಲಿ ಕಾದ ಫೈಬರ್ ಜಾಲರಿ ಮೆತ್ತಗಾಗಿ ಹೆಚ್ಚು ಎಳೆತಕ್ಕೆ ಒಳಗಾಗುತ್ತದೆ. ಕಾದ ಲೋಹದಿಂದ ಕೈ ಸುಡುವ ಅಪಾಯವೂ ಇರುತ್ತದೆ.
(2) ಹಳೆಯ ಬೀಡಿಂಗ್ ಮತ್ತು ಜಾಲರಿಯನ್ನು ತೆಗೆದು, ಗಾಡಿಯಲ್ಲಿನ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಪೂರ್ಣವಾಗಿ ತೆಗೆಯುವುದು. ಧೂಳು ಉಳಿದರೆ ಹೊಸ ಬೀಡಿಂಗ್ ಆಳಕ್ಕೆ ಇಳಿಯುವುದಿಲ್ಲ.
(3) ಜಾಲರಿಯ ಎಳೆಗಳು ಚೌಕಟ್ಟಿಗೆ ಸಮಾನಾಂತರವಾಗಿರುವಂತೆ ಹಾಸಿ, ಮೇಲಿನ ಅಂಚಿನಿಂದ ಬೀಡಿಂಗ್ ಒತ್ತಲು ಆರಂಭಿಸಿ, ನಂತರ ಒಂದು ಪಕ್ಕ, ಎದುರು ಪಕ್ಕ, ಕೊನೆಗೆ ಕೆಳಗಿನ ಅಂಚನ್ನು ಪೂರ್ಣಗೊಳಿಸುವುದು.
(4) ಸುಕ್ಕು ಹೋಗುವಷ್ಟು ಮಾತ್ರ ಎಳೆಯುವುದು. ಅತಿಯಾಗಿ ಬಿಗಿದರೆ ಚೌಕಟ್ಟಿನ ಎರಡು ಪಕ್ಕಗಳು ನಡುವೆ ಒಳಬಾಗಿ, ಅಂಚಿನಲ್ಲಿ ಹೊಸ ಸಂದು ಉಂಟಾಗುತ್ತದೆ.
(5) ಹೆಚ್ಚಿನ ಜಾಲರಿಯನ್ನು ಬೀಡಿಂಗಿನ ಹೊರ ಅಂಚಿನಲ್ಲಿ ಕತ್ತರಿಸುವುದು.

ಮರದ ಚೌಕಟ್ಟು:
ಮರದ ಪಟ್ಟಿಗಳನ್ನು ಮುರಿಯದಂತೆ ಎಬ್ಬಿಸಿ, ಹಳೆಯ ಮೊಳೆಗಳನ್ನು ಕಿತ್ತು, ಜಾಲರಿಯನ್ನು ಮೇಲಿನ ಅಂಚಿನ ನಡುವಿನಿಂದ ಮೂಲೆಗಳ ಕಡೆಗೆ ಹೊಡೆಯುತ್ತಾ ಬರುವುದು. ಬಳಿಕ ಕೆಳಗಿನ ಅಂಚು, ಆಮೇಲೆ ಪಕ್ಕಗಳು. ಜಾಲರಿಯ ಅಂಚನ್ನು ಒಮ್ಮೆ ಮಡಿಸಿ, ಮಡಿಕೆಯ ಮೇಲೆ ಮೊಳೆ ಹೊಡೆದರೆ ಎಳೆ ಕಿತ್ತು ಬರುವುದಿಲ್ಲ. ಇದರ ಮೇಲೆ ಪಟ್ಟಿಗಳನ್ನು ಮತ್ತೆ ಕೂರಿಸುವುದು. ಮರಕ್ಕೆ ಬಣ್ಣ ಹಚ್ಚುವುದಿದ್ದರೆ ಜಾಲರಿ ಹಾಕುವ ಮೊದಲೇ ಹಚ್ಚತಕ್ಕದ್ದು. ಜಾಲರಿಗೆ ಬಣ್ಣ ತಗುಲಿದರೆ ಕಣ್ಣುಗಳು ಮುಚ್ಚುತ್ತವೆ.

10. ಅಂಚಿನ ಸಂದುಗಳು

ಜಾಲರಿ ಎಷ್ಟೇ ಹೊಸದಾಗಿದ್ದರೂ ಬಾಗಿಲಿನ ಸುತ್ತ ಉಳಿದ ಸಂದು ಸೊಳ್ಳೆಗೆ ಸಾಕಾಗುತ್ತದೆ. ಆದರೆ ಮೇ ತಿಂಗಳಿನಲ್ಲಿ ಕುಗ್ಗಿದ ಮರದ ಬಾಗಿಲಿಗೆ ಪಟ್ಟಿ ಹೊಡೆದು ಸಂದನ್ನು ಬಿಗಿಯಾಗಿ ಮುಚ್ಚಿದರೆ, ಜುಲೈ ತಿಂಗಳಿನಲ್ಲಿ ಮರ ಉಬ್ಬಿ ಬಾಗಿಲು ಹಿಡಿದುಕೊಳ್ಳುತ್ತದೆ. ಆದ್ದರಿಂದ ಸುತ್ತಲೂ ಸುಮಾರು 3 ಮಿ.ಮೀ. ಸಂದನ್ನು ಉಳಿಸಿ, ಅದರ ಮೇಲೆ ಬಾಗುವ ಗುಣವುಳ್ಳ ರಬ್ಬರ್ ಪಟ್ಟಿ ಅಥವಾ ಕೂದಲಿನ ಬ್ರಷ್ ಪಟ್ಟಿಯನ್ನು ಹಾಕುವುದು. ಹೊಸ್ತಿಲಿನ ಕಡೆಗೆ ಬ್ರಷ್ ಪಟ್ಟಿ ಉತ್ತಮ. ಸವೆದ ಕಲ್ಲಿನ ಏರುತಗ್ಗಿಗೂ ಅದು ಹೊಂದಿಕೊಳ್ಳುತ್ತದೆ. ಪಟ್ಟಿಗಳನ್ನು ಅಂಟಿನಿಂದ ಮಾತ್ರ ಅಂಟಿಸದೆ ಸಣ್ಣ ಸ್ಕ್ರೂ ಅಥವಾ ಮೊಳೆಗಳಿಂದ ಭದ್ರಪಡಿಸುವುದು.

11. ನಿರ್ವಹಣೆ

(ಅ) ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಣ ಬ್ರಷ್‌ನಿಂದ ಒಳಗಡೆಯಿಂದ ಹೊರಗಡೆಗೆ ಧೂಳು ತೆಗೆಯುವುದು. ನಂತರ ಒದ್ದೆ ಬಟ್ಟೆಯಿಂದ ಒರೆಸುವುದು. ಮೊದಲೇ ನೀರು ಹಾಕಿದರೆ ಧೂಳು ಕೆಸರಾಗಿ ಕಣ್ಣುಗಳಲ್ಲಿ ಗಟ್ಟಿಯಾಗುತ್ತದೆ. ಈ ಕ್ರಮದಲ್ಲಿ ಅರ್ಧ ಬಕೆಟ್ ನೀರು ಸಾಕು.
(ಆ) ಹಬ್ಬಗಳ ಮೊದಲು ಗೋಡೆಗೆ ಸುಣ್ಣ ಬಳಿಯುವಾಗ ಜಾಲರಿಯನ್ನು ಹಳೆಯ ಬಟ್ಟೆಯಿಂದ ಮುಚ್ಚುವುದು.
(ಇ) ವರ್ಷದ ದುರಸ್ತಿಯನ್ನು ಮೇ 16 ರ ರಾಷ್ಟ್ರೀಯ ಡೆಂಗಿ ದಿನದೊಳಗೆ ಮುಗಿಸುವುದು ಅನುಕೂಲಕರ. ಜೂನ್‌ನಲ್ಲಿ ಮಳೆ ಆರಂಭವಾದ ನಂತರ ಸೊಳ್ಳೆಗಳೂ ಹೆಚ್ಚುತ್ತವೆ, ಮರವೂ ಉಬ್ಬುತ್ತದೆ.
(ಈ) ತೆಗೆದ ಹಳೆಯ ಜಾಲರಿಯಲ್ಲಿ ಗಟ್ಟಿಯಾದ ಭಾಗವಿದ್ದರೆ ನೀರಿನ ಡ್ರಮ್, ಹರವಿ, ತೊಟ್ಟಿಗಳ ಬಾಯಿಗೆ ಕಟ್ಟಲು ಬಳಸಬಹುದು. ಪ್ಲಾಸ್ಟಿಕ್ ಲೇಪನವುಳ್ಳ ಜಾಲರಿಯನ್ನು ಸುಡಬಾರದು.

12. ಸುರಕ್ಷತೆ

ಜಾಲರಿ ಕತ್ತರಿಸುವಾಗ ಕೈಗವಸು ಧರಿಸುವುದು. ತುಕ್ಕು ಹಿಡಿದ ತಂತಿ ಅಥವಾ ಮೊಳೆಯಿಂದ ಗಾಯವಾದಲ್ಲಿ ತಕ್ಷಣ ತೊಳೆದು, ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ಸಮೀಪದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವುದು. ಜಾಲರಿ ಬಾಗಿಲಿಗೆ ಒಳಗಡೆಯಿಂದ ಬೀಗ ಹಾಕಿ ಕೀಲಿಯನ್ನು ಬೇರೆ ಕೋಣೆಯಲ್ಲಿ ಇಡಬಾರದು. ಬೆಂಕಿ ಅವಘಡದ ಸಂದರ್ಭದಲ್ಲಿ ಕತ್ತಲಲ್ಲಿಯೂ ತೆರೆಯುವಂತಹ ಚಿಲಕ ಮಾತ್ರ ಇರಬೇಕು.

13. ಬಾಡಿಗೆ ಮನೆ ಹಾಗೂ ಸರ್ಕಾರಿ ವಸತಿಗೃಹಗಳಲ್ಲಿ ವಾಸಿಸುವವರಿಗೆ

ಬಾಡಿಗೆ ಮನೆ: ಜಾಲರಿ ಬಾಗಿಲಿನ ದುರಸ್ತಿ ಯಾರ ಹೊಣೆ ಎಂಬುದನ್ನು ಕರಾರುಪತ್ರದಲ್ಲಿಯೇ ಬರೆಸಿಕೊಳ್ಳುವುದು ಒಳ್ಳೆಯದು. ಕರಾರು ಅಥವಾ ಸ್ಥಳೀಯ ರೂಢಿ ಬೇರೆಯಾಗಿಲ್ಲದ ಪಕ್ಷದಲ್ಲಿ 1882 ರ ಸ್ವತ್ತು ವರ್ಗಾವಣೆ ಅಧಿನಿಯಮದ 108 ನೇ ಪ್ರಕರಣವು ಮೂರು ವಿಷಯಗಳನ್ನು ತಿಳಿಸುತ್ತದೆ. ಸಹಜ ಸವೆತವನ್ನು ಹೊರತುಪಡಿಸಿ ಮನೆಯನ್ನು ಪಡೆದ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಬಾಡಿಗೆದಾರರ ಹೊಣೆ. ಮಾಲೀಕರು ಮಾಡಿಕೊಡಲು ಬದ್ಧರಾಗಿರುವ ದುರಸ್ತಿಯನ್ನು ತಿಳುವಳಿಕೆ ನೀಡಿದ ನಂತರವೂ ಯುಕ್ತ ಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಕಳೆಯಬಹುದು. ಬಾಡಿಗೆದಾರರು ತಾವೇ ಅಳವಡಿಸಿದ ವಸ್ತುಗಳನ್ನು, ಮನೆಯನ್ನು ಮೊದಲಿನ ಸ್ಥಿತಿಯಲ್ಲಿ ಬಿಟ್ಟು, ತೆಗೆದುಕೊಂಡು ಹೋಗಬಹುದು. ಆದ್ದರಿಂದ ಕೆಲಸಕ್ಕೆ ಮೊದಲು ಮಾಲೀಕರಿಗೆ ಬರಹದಲ್ಲಿ ತಿಳಿಸುವುದು, ರಸೀದಿಗಳನ್ನು ಕಾಯ್ದಿರಿಸುವುದು ಇಬ್ಬರ ಹಿತದೃಷ್ಟಿಯಿಂದಲೂ ಒಳಿತು.

ಸರ್ಕಾರಿ ವಸತಿಗೃಹ, ವಿದ್ಯಾರ್ಥಿನಿಲಯ, ಅಂಗನವಾಡಿ ಮತ್ತು ಶಾಲೆಗಳು: ಕಟ್ಟಡದ ನಿರ್ವಹಣೆ ಯಾವ ಇಲಾಖೆಗೆ ಅಥವಾ ಸಂಸ್ಥೆಗೆ ಸೇರಿದೆಯೋ ಆ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ಈ ಕೆಳಕಂಡ ವಿವರಗಳಿದ್ದಲ್ಲಿ ಅಂದಾಜು ತಯಾರಿಸಲು ಅನುಕೂಲವಾಗುತ್ತದೆ.

(1) ಕಟ್ಟಡದ ಹೆಸರು, ಸಂಖ್ಯೆ ಮತ್ತು ಪೂರ್ಣ ವಿಳಾಸ
(2) ಹಾನಿಗೊಂಡ ಬಾಗಿಲು ಮತ್ತು ಕಿಟಕಿಗಳ ಸಂಖ್ಯೆ
(3) ಪ್ರತಿಯೊಂದರ ಅಗಲ, ಎತ್ತರ ಹಾಗೂ ಚೌಕಟ್ಟು ಮರದ್ದೋ ಲೋಹದ್ದೋ ಎಂಬ ವಿವರ
(4) ಹಾನಿಯ ಸ್ವರೂಪ: ಜಾಲರಿ, ಬೀಡಿಂಗ್, ಬಿಜಾಗ್ರಿ ಅಥವಾ ಚೌಕಟ್ಟು
(5) ವಾಸವಿರುವ ಶಿಶುಗಳು, ಗರ್ಭಿಣಿಯರು, ವೃದ್ಧರ ಮಾಹಿತಿ ಹಾಗೂ ಕಟ್ಟಡದಲ್ಲಿ ಇತ್ತೀಚೆಗೆ ಡೆಂಗಿ ಅಥವಾ ಮಲೇರಿಯಾ ಕಂಡುಬಂದಿದ್ದರೆ ಅದರ ವಿವರ
(6) ಸಾಧ್ಯವಾದಲ್ಲಿ ಛಾಯಾಚಿತ್ರ

ಅರ್ಜಿಯ ಒಂದು ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆದು ಇಟ್ಟುಕೊಳ್ಳುವುದು. ದುರಸ್ತಿ ಆಗುವವರೆಗೆ ಹರಿದ ಭಾಗಕ್ಕೆ ಸೊಳ್ಳೆ ಪರದೆಯ ಬಟ್ಟೆಯನ್ನು ಹೊಲಿದು ಮುಚ್ಚುವುದು.

14. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಜಾಲರಿ ಬಾಗಿಲು ಸರಿಯಿದ್ದರೆ ಸೊಳ್ಳೆ ಪರದೆ ಬೇಡವೇ?
ಉತ್ತರ: ಶಿಶುಗಳಿಗೆ ಹಗಲಿನಲ್ಲಿಯೂ ಸೊಳ್ಳೆ ಪರದೆ ಬಳಸುವುದು ಸೂಕ್ತ. ಬೇಸಿಗೆಯಲ್ಲಿ ಮಾಳಿಗೆ ಅಥವಾ ಅಂಗಳದಲ್ಲಿ ಮಲಗುವವರಿಗೆ ಜಾಲರಿ ಬಾಗಿಲಿನ ರಕ್ಷಣೆ ದೊರೆಯುವುದಿಲ್ಲ. ಅವರು ಪರದೆಯನ್ನು ಕಡ್ಡಾಯವಾಗಿ ಬಳಸತಕ್ಕದ್ದು.

ಪ್ರಶ್ನೆ: ಬಾಗಿಲು ದುರಸ್ತಿಯಾದ ನಂತರವೂ ಮನೆಯೊಳಗೆ ಸೊಳ್ಳೆಗಳಿವೆ. ಕಾರಣವೇನು?
ಉತ್ತರ: ಈಡಿಸ್ ಸೊಳ್ಳೆಯು ಮನೆಯೊಳಗಿನ ನೀರಿನಲ್ಲಿಯೇ ಹುಟ್ಟಬಹುದು. ಏರ್ ಕೂಲರ್‌ನ ತೊಟ್ಟಿ, ಫ್ರಿಡ್ಜ್‌ನ ಹಿಂಬದಿಯ ತಟ್ಟೆ, ನೀರು ಸಂಗ್ರಹಿಸಿದ ಡ್ರಮ್‌ಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಒಳಬದಿಯನ್ನು ಉಜ್ಜಿ ತೊಳೆದು ಒಣಗಿಸುವುದು. ಈ ಸೊಳ್ಳೆಯ ಮೊಟ್ಟೆಗಳು ನೀರಿಲ್ಲದೆಯೂ ಹಲವು ತಿಂಗಳು ಜೀವಂತವಾಗಿರುವುದರಿಂದ ನೀರು ಚೆಲ್ಲಿದರೆ ಮಾತ್ರ ಸಾಲದು. ಮಲೇರಿಯಾ ಮತ್ತು ಸೊಳ್ಳೆಯ ಸಂಬಂಧವನ್ನು 1897 ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ ಅವರು, ಅದಕ್ಕೂ ಮೊದಲು 1883 ರಲ್ಲಿ ಬೆಂಗಳೂರಿನಲ್ಲಿದ್ದಾಗ ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ತೊಟ್ಟಿಯ ನೀರನ್ನು ಚೆಲ್ಲಿಸಿ ಸೊಳ್ಳೆಗಳ ಕಾಟ ಕಡಿಮೆಯಾದುದನ್ನು ಗಮನಿಸಿದ್ದರು.

ಪ್ರಶ್ನೆ: ಪೂರ್ಣ ಬಾಗಿಲು ಮಾಡಿಸಲು ಹಣವಿಲ್ಲದಿದ್ದರೆ ಯಾವ ಕೆಲಸಕ್ಕೆ ಆದ್ಯತೆ ನೀಡಬೇಕು?
ಉತ್ತರ: ಮಲಗುವ ಕೋಣೆಯ ಬಾಗಿಲಿನ ಕೆಳಗಿನ ಸಂದು ಮತ್ತು ಮೇಲಿನ ಬಿಜಾಗ್ರಿ. ಇವೆರಡಕ್ಕೂ ತಗಲುವ ವೆಚ್ಚ ಅತಿ ಕಡಿಮೆ, ಪ್ರಯೋಜನ ಹೆಚ್ಚು.

ಪ್ರಶ್ನೆ: ಜಾಲರಿಗೆ ಬಟ್ಟೆಯ ಪರದೆ ಹಾಕಿದರೆ ಬಿಸಿಲಿನಿಂದ ರಕ್ಷಣೆಯಾಗುವುದಿಲ್ಲವೇ?
ಉತ್ತರ: ಪರದೆ ಗಾಳಿಯನ್ನು ತಡೆಯುತ್ತದೆ. ಬಾಗಿಲಿನ ಮೇಲೆ ಹೊರಚಾಚಿದ ಸಜ್ಜಾ, ಚಪ್ಪರ ಅಥವಾ ಹೊರಗಡೆ ಸ್ವಲ್ಪ ದೂರದಲ್ಲಿ ತಟ್ಟಿ ಕಟ್ಟಿದರೆ ಜಾಲರಿಯ ಬಾಳಿಕೆಯೂ ಹೆಚ್ಚುತ್ತದೆ, ಒಳಗೆ ಬರುವ ಗಾಳಿಯ ಕಾವೂ ಕಡಿಮೆಯಾಗುತ್ತದೆ.

15. ಸಾರ್ವಜನಿಕರಲ್ಲಿ ಮನವಿ

ಸಾರ್ವಜನಿಕರು ಜಾಲರಿ ಬಾಗಿಲು ಪೂರ್ಣ ಹಾಳಾಗುವವರೆಗೆ ಕಾಯದೆ, ಮೊದಲ ಎಳೆ ಕಿತ್ತಾಗಲೇ ದುರಸ್ತಿ ಮಾಡಿಕೊಳ್ಳಬೇಕೆಂದು ಕೋರಲಾಗಿದೆ. ಮುಚ್ಚಿದಾಗಲೂ ಗಾಳಿ ಬರುವಂತಿದ್ದರೆ ಮಾತ್ರ ಮನೆಮಂದಿ ಬಾಗಿಲನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಮಾತ್ರ ಅದರಿಂದ ಪ್ರಯೋಜನ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದಲ್ಲಿ ಸ್ವಯಂ ಚಿಕಿತ್ಸೆ ಮಾಡಿಕೊಳ್ಳದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ನೆರೆಹೊರೆಯಲ್ಲಿ ಸೊಳ್ಳೆ ಉತ್ಪತ್ತಿ ತಾಣಗಳು ಕಂಡುಬಂದಲ್ಲಿ ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯ ಕಚೇರಿಗೆ, ಇಲ್ಲವೇ ತಮ್ಮ ಭಾಗದ ಆಶಾ ಕಾರ್ಯಕರ್ತೆಯರಿಗೆ ತಿಳಿಸಬಹುದಾಗಿದೆ.